ಬಂಡೂರು ಟಗರಿನ ಮಾತು

7 ಜನವರಿ, ಬುಧವಾರ

ಬೆಳಿಗ್ಗೆ ಕಬ್ಬಿಗೆ ನೀರು ಹಾಯಿಸಿದೆ. ನನ್ನಷ್ಟು ಅಚ್ಚುಕಟ್ಟಾಗಿ ಹಾಯಿಸುವವನು ಮಳವಳ್ಳಿ ತಾಲ್ಲೂಕಿನಲ್ಲೇ ಇಲ್ಲ.

ಮಧ್ಯಾಹ್ನ ಮುದ್ದೆಗೆ ಕೂತಿದ್ದೆವು. ಅಣ್ಣನ ಸೊಸೆ ಅರ್ಪಿತ, ಮದುವೆಯಾಗಿ ಬಂದು ಇನ್ನೂ ತಿಂಗಳಾಗಿಲ್ಲ, "ಭಾನುವಾರ ನಮ್ಮಪ್ಪ ಬತ್ತಾರೆ ಅತ್ತೆ" ಅಂದಳು. ನನ್ನ ಬಾಯಿ ಸುಮ್ಮನಿರುತ್ತದೆಯೇ? "ಬತ್ತಾರೆ ಬುಡು, ಬಂಡೂರು ಟಗರು ಬಂದಂಗೆ!" ಮನೆಯೆಲ್ಲ ನಕ್ಕಿತು. ನಗುತ್ತಲೇ ಅತ್ತಿಗೆಗೆ ತುತ್ತು ನೆತ್ತಿಗೇರಿತು. ಒಳ್ಳೇ ಏಟು.

8 ಜನವರಿ

ಅರ್ಪಿತ ಊಟಕ್ಕೆ ನಮ್ಮ ಜೊತೆ ಕೂರಲಿಲ್ಲ. ತಲೆನೋವಂತೆ.

10 ಜನವರಿ, ಶನಿವಾರ

ಇವತ್ತೂ ತಲೆನೋವೇ. ಹೊಂಬಾಳತ್ತಿಗೆ ನನ್ನನ್ನು ಹಿತ್ತಿಲಿಗೆ ಕರೆದು ಬೈದರು. "ಅವ್ರಪ್ಪನ್ನ ಟಗರು ಅಂದ್ಯಂತೆ. ಬರಬ್ಯಾಡಿ ಅಂತ ಫೋನ್ ಮಾಡವ್ಳೆ. ನಾಳೆ ತಾನೇ ಮದ್ದೂರಿಗೆ, ತೌರಿಗೆ ಓಯ್ತಾಳಂತೆ, ಬ್ಯಾಗಿಗೆ ಬಟ್ಟೆ ತುಂಬವ್ಳೆ. ನಿನ್ ಬಾಯಿಗಿಷ್ಟು!"

ಹೌದಲ್ಲ... ನಮಗೆ ಆ ಎರಡು ಪದ ಸಾಕು, ಇಡೀ ಕಥೆ ಕಣ್ಣ ಮುಂದೆ. ಆ ಮಗುವಿಗೆ ಕಥೆಯೇ ಗೊತ್ತಿಲ್ಲ. ನಮ್ಮ ನಗು ಮಾತ್ರ ಕೇಳಿಸಿದೆ.

ಅದೇ ದಿನ, ಸಂಜೆ

ಅರ್ಪಿತಳಿಗೆ ಕಥೆ ಹೇಳಿದೆ. ನನ್ನ ಮದುವೆಯ ಬೀಗರೂಟಕ್ಕೆ ರುಚಿಗೆ ಹೆಸರಾದ ಅಸಲಿ ಬಂಡೂರು ಟಗರು ತರುತ್ತೇನೆಂದು ಮೀಸೆ ತಿರುವಿ ಹೋದ ನಾನು ಬರಿಗೈಲಿ ಬಂದದ್ದು, ಬೀಗರು ಸೊಪ್ಪಿನ ಸಾರು ಉಂಡು ಎದ್ದದ್ದು. ಅಂದಿನಿಂದ, ಬರುತ್ತದೆ ಅಂದದ್ದು ಬರದಿದ್ದರೆ ನಮ್ಮ ಮನೆಯಲ್ಲಿ ಅದೇ ಮಾತು.

"ಟಗರು ಏನಾಯ್ತು ಚಿಕ್ಕಮಾವ?"

ಕಳ್ಳರು ಹೊಡೆದುಕೊಂಡು ಹೋದರು — ಇಪ್ಪತ್ತೆರಡು ವರ್ಷದಿಂದ ಹೇಳಿಕೊಂಡು ಬಂದದ್ದು ಅದನ್ನೇ. ಹೆಂಡತಿಗೂ ಅದೇ. ಆದರೆ ಈ ಹುಡುಗಿಯ ಅತ್ತ ಮುಖ ನೋಡಿ ಮತ್ತೆ ಆ ಸುಳ್ಳು ಹೇಳಲಾಗಲಿಲ್ಲ.

"ನಾನೇ ಅಗ್ಗ ಬಿಚ್ದೆ ಕಣಮ್ಮ. ನನ್ ಇಂದಿಂದೆ ತಾನಾಗೇ ಬತ್ತದೆ ನೋಡ್ರಲಾ ಅಂತ, ಟೀ ಅಂಗ್ಡಿ ಮುಂದೆ... ಒಂದೇ ಓಟ."

ನಕ್ಕಳು. ಗೋಡೆಗೆ ಒರಗಿ ನಕ್ಕಳು. ಬ್ಯಾಗು ಮಾತ್ರ ಮಂಚದ ಮೇಲೆ ಹಾಗೇ ಇತ್ತು.

11 ಜನವರಿ

ಹೋಗಲಿಲ್ಲ! ರಾತ್ರಿಯೇ ಮತ್ತೆ ಫೋನ್ ಮಾಡಿದ್ದಳಂತೆ, ಅವಳಪ್ಪ ಶಿವರಾಮು ಅವರೇ ಬಂದರು. ಬಸ್ ಸ್ಟಾಪಿಗೆ ನಾನೇ ಹೋಗಿ ಕರೆತಂದೆ.

13 ಜನವರಿ, ಸಂಜೆ 5

ಮಧ್ಯಾಹ್ನ ಊಟಕ್ಕೆ ಅರ್ಪಿತ ನಮ್ಮ ಸಾಲಿನಲ್ಲೇ ಕೂತಳು. ಅಣ್ಣ ಕನ್ನಡಕ ಹುಡುಕುತ್ತಿದ್ದ. "ನಮ್ಮಜ್ಜಿ ಟಾರ್ಚಾಯ್ತು ಬುಡಿ ಮಾವ" ಅಂದು ಒಬ್ಬಳೇ ನಕ್ಕಳು. ನಾವು ಐದು ಜನ ಮುಖ ಮುಖ ನೋಡಿಕೊಂಡೆವು. ನಗುವ ಮನೆಯಲ್ಲಿ ಪೆಚ್ಚಾಗಿ ಕೂರುವುದು ಹೇಗಿರುತ್ತದೆ ಅಂತ ತಿಳಿಯಿತು.

ಈಗ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಾರೆ. ಅತ್ತಿಗೆ ಕೇಳುತ್ತಿದ್ದಾರೆ, "ಅದ್ಯಾವ ಟಾರ್ಚಮ್ಮ, ಯೋಳು ಅತ್ಲಾಗೆ." ಅರ್ಪಿತ, "ಚಿಕ್ಕಮಾವನೂ ಬರ್ಲಿ ಇರಿ ಅತ್ತೆ..." ಅನ್ನುತ್ತಿದ್ದಾಳೆ. ಕೂಗುತ್ತಿದ್ದಾಳೆ. ಬರೆದದ್ದು ಸಾಕು, ಹೋ—