ಎಡಗಡೆಯ ಹರಕೆ

ದೇವಸಮುದ್ರ, ಮೊಳಕಾಲ್ಮೂರು ತಾಲ್ಲೂಕು
5-2-2025, ಬುಧವಾರ

ಪ್ರೀತಿಯ ವನಜಕ್ಕಾ,

ನಿನ್ನೆಯಿಂದ ನಿನಗೆ ಫೋನ್ ಮಾಡುವುದು, ಅಳು ಬಂದು ಕಟ್ ಮಾಡುವುದು, ಇದೇ ಆಗಿದೆ. ಬೈಯಬೇಡ. ಬಾಯಲ್ಲಿ ಹೇಳಲಾರದೆ ಬರೆದು, ಚಳ್ಳಕೆರೆಗೆ ಹೊರಟಿರುವ ರಾಜಣ್ಣ ಮಾವನ ಕೈಗೆ ಕೊಡುತ್ತಿದ್ದೇನೆ.

ಅವ್ವನ ಎಡಗಡೆ ಎದೆಯ ಗಂಟು ತೋರಿಸಲು ದಾವಣಗೆರೆಗೆ ಕರೆದುಕೊಂಡು ಹೋಗಿದ್ದೆನಲ್ಲ, ಮೊದಲು ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಇದು ಬರೀ ನೀರುಗಂಟು, ಹೆದರಬೇಡಿ ಎಂದರು. ಆದರೂ ಇರಲಿ ಎಂದು ಕೈಯ ನರಕ್ಕೆ ಡೈ ಅನ್ನುವ ಔಷಧಿ ಚುಚ್ಚಿ, ಎರಡೂ ಎದೆಗಳ ಮ್ಯಾಮೊಗ್ರಾಂ ತೆಗೆದರು. ರೋಗವಿದ್ದ ಕಡೆ ಡೈ ಹಿಡಿದುಕೊಂಡು ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದಂತೆ. ಅದು ಏರುತ್ತಿದ್ದಂತೆ ಮೈಯೆಲ್ಲ ಬಿಸಿಯಾಗಿ ಅವ್ವ, "ಅಯ್ಯಯ್ಯೋ ನಿರ್ಮಲಾ, ಉಚ್ಚೆ ಹೊಯ್ಕಂಡ್ನೇನೋ ನೋಡೇ" ಎಂದು ಕೂಗಿದಳು. ನರ್ಸುಗಳೂ ನಕ್ಕರು. ಚಿತ್ರ ನೋಡಿ ಆಮೇಲೆ ಹೇಳುತ್ತೇವೆ ಎಂದಿದ್ದರು. ನಾನೊಬ್ಬಳು ಪೆದ್ದಿ, ಅಷ್ಟೂ ಕಾಯದೆ ಅಲ್ಲಿಂದಲೇ ಅಣ್ಣನಿಗೆ ಏನೂ ಇಲ್ಲವಂತೆ ಎಂದುಬಿಟ್ಟೆ.

ಅದನ್ನು ನಂಬಿ ಅಣ್ಣ, ಎಡಗಡೆಯ ಗಂಟು ವಾಸಿಯಾಗಲೆಂದು ಅವ್ವ ಮಾರಮ್ಮನಿಗೆ ಹೊತ್ತಿದ್ದ ಹರಕೆಯ ಟಗರನ್ನು ನಿನ್ನೆ ಕೊಟ್ಟ. ನೆಂಟರೆಲ್ಲ ಉಣ್ಣಲು ಕೂತಿದ್ದರು, ಅವ್ವ ತಾನೇ ಮುದ್ದೆ ಬಡಿಸುತ್ತಿದ್ದಳು. ಆಗ ಡಾಕ್ಟರಮ್ಮನ ಫೋನ್ ಬಂತು. ಎಡಗಡೆಯ ಗಂಟಿಗೆ ಡೈ ಹಿಡಿದೇ ಇಲ್ಲವಂತೆ. ಹಿಡಿದಿರುವುದು ಬಲಗಡೆ! ಕೈಗೆ ಏನೂ ಸಿಗದ ಕಡೆ, ಶೇಂಗಾ ಬೀಜದಷ್ಟು ಜಾಗ ಬೆಳ್ಳಗೆ ಹೊಳೆಯುತ್ತಿದೆಯಂತೆ. ಕ್ಯಾನ್ಸರ್ ಇರಬಹುದು, ಸೋಮವಾರವೇ ಬನ್ನಿ, ಸೂಜಿ ಹಾಕಿ ಚೂರು ತೆಗೆದು ನೋಡಬೇಕು ಎಂದರು. ಅಕ್ಕಾ, ನಾವೆಲ್ಲ ಮುಟ್ಟಿ ಮುಟ್ಟಿ ನೋಡಿದ್ದು ಎಡಗಡೆಯನ್ನೇ ಅಲ್ಲವೇನೇ?

ಅಣ್ಣನನ್ನು ಹಿತ್ತಲಿಗೆ ಕರೆದು ಹೇಳಿದೆ. "ಹರ್ಕೆ ತೀರ್ಸಿದ್ ಮ್ಯಾಲೆ ಅದೇ ಕಾಯ್ಲೆಗೆ ಮತ್ತೆ ಆಸ್ಪತ್ರೆ ಮೆಟ್ಲು ಹತ್ತಿದ್ರೆ ಮಾರಮ್ಮ ಮುನಿಯಲ್ವೇನೆ? ಅವ್ವ ಬರಾಕಿಲ್ಲ ಬಿಡು" ಎಂದ. ನಮ್ಮ ಮನೆತನದಲ್ಲಿ ಹಾಗೆ ಹೋದವರೂ ಇಲ್ಲ. ಹೋಗದಿದ್ದರೆ ಅವ್ವ ಉಳಿಯುತ್ತಾಳಾ? ಅವಳ ಮುಂದೆ ಬಾಯಿ ಬಿಡಲು ನನಗೆ ಧೈರ್ಯವಿಲ್ಲ. ನೀನು ಹಿರಿಯಳು, ನಿನ್ನ ಮಾತು ಕೇಳುತ್ತಾಳೆ. ಇದು ಕೈಸೇರಿದ ತಕ್ಷಣ ಹೊರಟು ಬಾ.

ನಿನ್ನ ತಂಗಿ,
ನಿರ್ಮಲಾ

ತಾ.ಕ.: ಕಾಗದ ಮಡಿಸುವಾಗ ಅವ್ವ ಬಂದು ಎದುರಿಗೆ ಕೂತಳು. ಹಿತ್ತಲಿನ ಮಾತೆಲ್ಲ ಕೇಳಿಸಿಕೊಂಡಿದ್ದಳಂತೆ. "ಯಾಕಳ್ತೀಯೇ? ಮಾರಮ್ಮಂಗೆ ಹೇಳ್ಕಂಡಿದ್ದು ಎಡಗಡೆದು. ಅದ್ನ ಆಯಮ್ಮ ವಾಸಿ ಮಾಡ್ಯಾಳೆ. ಬಲಗಡೆದು ಆಯಮ್ಮಂಗೆ ಹೇಳೇ ಇಲ್ಲ, ಅದು ಡಾಕ್ಟ್ರ ಪಾಲಿಂದು. ವನಜಂಗೆ ಇಲ್ಲಿಗೆ ಬರಬ್ಯಾಡ ಅಂತ ಬರಿ. ಸೋಮವಾರ ಚಳ್ಳಕೆರೆ ಬಸ್‌ಸ್ಟ್ಯಾಂಡಿನಾಗೆ ನಿಂತಿರ್ಲಿ, ಜೊತೆಗೇ ಹೋಗಾನ" ಎಂದಳು. ಹಾಗೆ ಹೇಳುವಾಗಲೂ ಅವಳ ಕೈ ಸೆರಗಿನೊಳಗೆ ಬಲಗಡೆಯನ್ನೇ ತಡಕುತ್ತಿತ್ತು.