ನಾಲ್ಕು ಪುಟದ ದೂರು

ಫೆಬ್ರವರಿ 16, ಭಾನುವಾರ
ಬೆಳಗ್ಗೆ, ಅಡುಗೆಮನೆಯ ಮೇಜು

ನನ್ನ ಮೆಣಸಿನಕಾಳಿಗೆ ಅಮ್ಮನ ಪ್ರೀತಿ.

ನಿನ್ನ ಪತ್ರ ಬುಧವಾರವೇ ಬಂತು. ನಾಲ್ಕು ದಿನ ಅದನ್ನು ಸಕ್ಕರೆ ಡಬ್ಬದ ಕೆಳಗೆ ಇಟ್ಟಿದ್ದೆ. ಚಹಾ ಮಾಡುವಾಗಲೆಲ್ಲ ಡಬ್ಬ ಎತ್ತುವುದು, ನೋಡುವುದು, ಮತ್ತೆ ಇಡುವುದು. ಊಟದ ಸಾಲು ಎಷ್ಟುದ್ದ, ಬೂಟು ಎಲ್ಲಿ ಕಚ್ಚುತ್ತದೆ, ಪಕ್ಕದ ಮಂಚದವಳು ನಿದ್ದೆಗಣ್ಣಲ್ಲೂ ಎಡ-ಬಲ ಎಣಿಸುತ್ತಾಳೆ ಎಂದೆಲ್ಲ ಹಾಳೆಯ ಎರಡೂ ಬದಿ ತುಂಬಿಸುವವಳು ನೀನು. ಈ ಸಲ ಬರೆದದ್ದು ಹನ್ನೊಂದೇ ಸಾಲು. ಕೊನೆಯಲ್ಲಿ, ಹೌದು ಇಲ್ಲ ಅಷ್ಟೇ ಬರಿ, ಕಥೆ ಹೇಳಬೇಡ ಅಂದಿದ್ದೀ.

ನೀನು ಬರೆದದ್ದನ್ನು ನಾನೊಮ್ಮೆ ಬರೆಯುತ್ತೇನೆ, ಸರಿಯಾಗಿ ಓದಿಕೊಂಡೆನೋ ಇಲ್ಲವೋ ನೋಡು. ಇಷ್ಟು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳ ಚಾಳಿ ಎಂದುಕೋ.

ಮೊನ್ನೆ ಪೊಲೀಸ್ ತರಬೇತಿಯಲ್ಲಿ ನಿಮಗೆ ದೂರು ಬರೆಸಿಕೊಳ್ಳುವ ಪಾಠವಿತ್ತು. ದಫ್ತರದ ಮೇಷ್ಟ್ರು ಹಲಗೆಯ ಮೇಲೆ ಏಳು ಪ್ರಶ್ನೆ ಬರೆದರು: ಯಾರು, ಯಾರಿಗೆ, ಯಾವಾಗ, ಎಲ್ಲಿ, ಯಾವುದರಿಂದ, ಏನು ಮಾಡಿದರು, ಏಕೆ. ಇವಿಷ್ಟು ಇಲ್ಲದ ದೂರು ಖಾಲಿ ಲಕೋಟೆ ಇದ್ದ ಹಾಗೆ ಎಂದರು. ಆಮೇಲೆ ಬ್ಯಾಗಿನಿಂದ ಹಳೆಯ ದೂರಿನ ನಕಲೊಂದನ್ನು ತೆಗೆದು, ಹೇಗೆ ಬರೀಬಾರದು ಅಂತ ಕೇಳಿಸ್ಕೊಳ್ಳಿ ತಾಯಂದಿರಾ ಎಂದು ಓದಿದರು. ಅದರಲ್ಲಿ ಹೆಸರುಗಳಿಗೆಲ್ಲ ಮಸಿ ಬಳಿದಿತ್ತು. ಆ ಸಂಜೆ ಗೋಡೆಗಳಿಗೂ ಕಿವಿ ನೊಂದಿತು, ಎಳೆಯ ರೆಂಬೆಯೊಂದು ಬಾಗಿ ಮತ್ತೆ ನೆಟ್ಟಗಾಗಲಿಲ್ಲ ಎಂದೆಲ್ಲ ಇತ್ತು. ಹಿಂದಿನ ಬೆಂಚಿನವನೊಬ್ಬ, ಸಾರ್, ಇದು ದೂರಾ ಕವನಾ ಎಂದ. ಮೇಷ್ಟ್ರು, ನಂಗೂ ಇವತ್ತಿನವರೆಗೆ ಗೊತ್ತಾಗಿಲ್ಲ, ಮರ ಯಾವುದು, ತೋಟ ಯಾರದು, ಕಡಿದೋನು ಯಾರು, ನೀನೇ ಹೋಗಿ ಪತ್ತೆ ಮಾಡ್ಕೊಂಡು ಬಾ ಎಂದರು. ಅರವತ್ತು ಜನ ಬೆಂಚು ಬಡಿದು ನಕ್ಕರು. ನೀನೂ ನಕ್ಕೆ. ಆಮೇಲೆ ಹಾಳೆಗಳು ಕೈಯಿಂದ ಕೈಗೆ ಬಂದವು. ಮೂರನೆಯ ಸಾಲಿನಲ್ಲಿ ಕೂತಿದ್ದ ನಿನ್ನ ಕೈಗೆ ಬಂದಾಗ ಆ ಅಕ್ಷರ ನೋಡಿದೆ. ಅಂಥದೇ ಅಕ್ಷರದ ಇಪ್ಪತ್ತು ಪತ್ರ ನಿನ್ನ ಟ್ರಂಕಿನಲ್ಲಿವೆ.

ನೀನು ಕೇಳಿರುವುದು ಎರಡು ಪ್ರಶ್ನೆ. ಇದು ನಿಂದಾ? ಅಪ್ಪ ನಿನ್ನ ಮೇಲೆ ಕೈ ಮಾಡಿದ್ರಾ? ಅದರ ಕೆಳಗೆ, ಒತ್ತಿ ಬರೆದು ಹಾಳೆಯೇ ಹರಿದ ಸಾಲು: ನಾನು ಹಗ್ಗ ಹತ್ತುತ್ತಾ ಇರೋದು ಅಪ್ಪನಿಗೋಸ್ಕರ, ಹೌದು ಅಂತಾದ್ರೆ ಯಾರಿಗೋಸ್ಕರ ಹತ್ತಲಿ? ಶುಕ್ರವಾರ ಹಗ್ಗದ ಪರೀಕ್ಷೆ. ರಾಜೀನಾಮೆಯ ನಮೂನೆ ತುಂಬಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೀ, ತಾರೀಕು ಮಾತ್ರ ಹಾಕಿಲ್ಲ.

ಅದು ನನ್ನದು. ಹೌದು.

ನಕ್ಕದ್ದಕ್ಕೆ ಕ್ಷಮೆ ಕೇಳಿದ್ದೀ. ಕೇಳಬೇಡ. ನಾನು ಆ ತರಗತಿಯಲ್ಲಿ ಕೂತಿದ್ದರೆ ನಾನೂ ನಗುತ್ತಿದ್ದೆ. ಮುದ್ರಣಾಲಯಕ್ಕೆ ಅಂಥ ವಾಕ್ಯ ಬಂದರೆ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಅಂದರೆ ಏನು?’ ಎಂದು ಬರೆದು ವಾಪಸು ಕಳಿಸುತ್ತೇನೆ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ತರಬೇತಿಗೆ ಸೇರಿದ ಹೊಸದರಲ್ಲಿ, ನಿನ್ನ ಮೂರನೆಯ ಪತ್ರದಲ್ಲಿ, ಈ ಮೇಷ್ಟ್ರ ಬಗ್ಗೆ ನೀನು ಬರೆದಿದ್ದೆ. ಬರೆಯುವ ಮೊದಲು ಪೆನ್ನಿನ ಮುಚ್ಚಳವನ್ನು ಕಿವಿಯಲ್ಲಿ ತಿರುಗಿಸುತ್ತಾರೆ, ಗಂಡು ಹೆಣ್ಣು ನೋಡದೆ ಎಲ್ಲರನ್ನೂ ತಾಯಿ ಎನ್ನುತ್ತಾರೆ, ಮೀಸೆ ಹೊತ್ತ ಹುಡುಗರೂ ತಾಯಿಯೇ ಎಂದು. ನೀನು ನಗಿಸಲು ಬರೆದದ್ದನ್ನು ಓದಿ ನಾನು ನಗಲಿಲ್ಲ. ಅವರು ಯಾರು ಎಂದು ನನಗೆ ಅವತ್ತೇ ಗೊತ್ತಾಯಿತು. ಆದರೂ ಉತ್ತರದಲ್ಲಿ ಬೂಟಿಗೆ ಹತ್ತಿ ಇಟ್ಟುಕೋ ಎಂದಷ್ಟೇ ಬರೆದೆ. ಅವರು ನನ್ನ ಹಾಳೆಗಳನ್ನು ಇಟ್ಟುಕೊಂಡಿರುತ್ತಾರೆ ಎಂದು ಊಹಿಸಿರಲಿಲ್ಲ. ಯಾವ ವರ್ಷದಿಂದ ಓದುತ್ತಿದ್ದಾರೋ, ಎಷ್ಟು ತಂಡಗಳು ನಕ್ಕಿವೆಯೋ.

ಹದಿನೇಳು ವರ್ಷದ ಹಿಂದೆ ಅವರು ನಮ್ಮ ಬೀದಿಯ ಕೊನೆಯ ಠಾಣೆಯಲ್ಲಿ ಬರೆಯುವ ಕೆಲಸದಲ್ಲಿದ್ದರು. ಆಗ ತಲೆಯಲ್ಲಿ ಕೂದಲಿತ್ತು. ಬೆಳಗ್ಗೆ ಹತ್ತು ಗಂಟೆಗೆ ಹೋದೆ. ಮರದ ಬೆಂಚು, ಗೋಡೆಗೆ ಒರಗಿಸಿದ ಬೀಗ ಹಾಕಿದ ಸೈಕಲ್ಲುಗಳು, ತಿರುಗದ ಫ್ಯಾನು. ಅವರು ಕುರ್ಚಿ ಎಳೆದು ಕೊಟ್ಟರು, ನೀರು ತರಿಸಿದರು. ನೀನೇ ಬರೀತೀಯಾ ತಾಯಿ, ನಾ ಬರ್ಕೊಳ್ಳಲಾ ಎಂದು ಕೇಳಿದರು. ನಾನೇ ಬರೀತೀನಿ ಎಂದೆ. ನಾಲ್ಕು ಪುಟ ಬರೆದೆ, ಒಂದೂ ಕಾಟು ಹೊಡೆಯದೆ. ಅವರು ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದರು. ಅಕ್ಷರ ಮುತ್ತಿನ ಹಾಗಿದೆ ತಾಯಿ, ಆದ್ರೆ ಏನಾಯ್ತು ಅನ್ನೋದು ಎಲ್ಲಿದೆ ಎಂದರು. ಹೊಡೆದ್ರಾ, ಎಷ್ಟು ಹೊತ್ತಿಗೆ, ರೆಂಬೆ ಅಂತೀಯಲ್ಲ, ಪಕ್ಕದ ಮನೆಯವರ ಜೊತೆ ಮರದ ಜಗಳವಾ? ಅವರು ಗೇಲಿ ಮಾಡುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು. ನಾನು, ಎಲ್ಲ ಅದರಲ್ಲೇ ಇದೆ, ಓದುವವರಿಗೆ ಕಾಣುತ್ತದೆ ಎಂದೆ. ಪದ್ಯ ಓದದ ಮನುಷ್ಯ, ಇವನಿಗೇನು ತಿಳಿಯುತ್ತದೆ ಎಂದುಕೊಂಡೆ. ಎಂ.ಎ. ಮಾಡಿದವಳ ಸೊಕ್ಕು. ಒಂದೇ ಒಂದು ಮಾತನ್ನು ಬರೆಯಲಾರದೆ ನಾಲ್ಕು ಪುಟ ಅದರ ಸುತ್ತ ಸುತ್ತಿದ್ದೆ. ಅವರು ನಿಟ್ಟುಸಿರು ಬಿಟ್ಟು ಕೆಳಗೆ ಒಂದು ಸಾಲು ಸೇರಿಸಿದರು: ಅರ್ಜಿದಾರರಿಗೆ ತಿಳಿವಳಿಕೆ ಹೇಳಿ ಕಳುಹಿಸಲಾಗಿದೆ. ಆ ಒಂದು ಸಾಲಿನಲ್ಲಿ ನನ್ನ ನಾಲ್ಕು ಪುಟಗಳಲ್ಲಿ ಇಲ್ಲದ ಸ್ಪಷ್ಟತೆ ಇತ್ತು. ಎದ್ದು ಮನೆಗೆ ಬಂದೆ. ಎಲ್ಲಿಗೆ ಹೋಗಿದ್ದೆ ಎಂದು ಯಾರೂ ಕೇಳಲಿಲ್ಲ.

ಎರಡನೆಯ ಪ್ರಶ್ನೆಗೂ ಹೌದು. ಹೊಡೆಯುತ್ತಿದ್ದರು. ನೋಡು, ಬರೆದೆ.

ನಿನಗೆ ಗೊತ್ತಿರುವ ಅಪ್ಪ ಸುಳ್ಳಲ್ಲ. ಅದೇ ನನ್ನನ್ನು ಕೊಲ್ಲುವುದು. ಸುಳ್ಳಾಗಿದ್ದರೆ ಈ ಪತ್ರ ಸುಲಭವಾಗುತ್ತಿತ್ತು. ಕಾರ್ಖಾನೆಯಿಂದ ಬಂದು ಕೈಯ ಗ್ರೀಸು ತೊಳೆದುಕೊಂಡು ಅವರು ಮೊದಲು ಮಾಡುತ್ತಿದ್ದ ಕೆಲಸ ನಿನ್ನ ಎಡಮೊಣಕೈಗೆ ಎಣ್ಣೆ ಉಜ್ಜುವುದು. ಬಾಗಿಲ ಚೌಕಟ್ಟಿಗೆ ಕಬ್ಬಿಣದ ಸರಳು ಹಾಕಿ, ನೇತಾಡು ಕಪೀಶ, ಇನ್ನೈದು ಎಣಿಸೋ ತನಕ ಎನ್ನುತ್ತಿದ್ದರು. ಆಮೇಲೆ ಅದೇ ಕೈಯಲ್ಲಿ ಎತ್ತಲು ನೀರು: ಅರ್ಧ ಬಕೆಟ್ಟು, ಮುಕ್ಕಾಲು ಬಕೆಟ್ಟು, ತುಂಬಿದ ಬಕೆಟ್ಟು. ನೀವಿಬ್ಬರೂ ನಗುವುದು ಕೇಳಿಸುತ್ತಿತ್ತು. ನಾನು ಈ ಮೇಜಿನ ಮುಂದೆ ಕರಡು ಹಿಡಿದು ಕೂತಿರುತ್ತಿದ್ದೆ. ಪೊಲೀಸ್ ಅರ್ಜಿಯ ನಮೂನೆ ತಂದು ಈ ಮೇಜಿನ ಮೇಲಿಟ್ಟವರೂ ಅವರೇ. ನನ್ನ ಮಗಳು ಠಾಣೆಯಲ್ಲಿ ಕೂರಬೇಕು ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ನನ್ನನ್ನು ನೋಡದೆ ಹೇಳಿದರು. ಅದಾಗಿ ಎರಡು ತಿಂಗಳಿಗೆ ತೀರಿಕೊಂಡುಬಿಟ್ಟರು. ಎತ್ತರ ಅಳೆಯುವ ದಿನ ಅರ್ಧ ಸೆಂಟಿಮೀಟರಿನಲ್ಲಿ ಪಾಸಾಗಿ ನೀನು ಅತ್ತದ್ದು, ವೈದ್ಯರು ನಿನ್ನ ಮೊಣಕೈ ಬಾಗಿಸಿ, ಇದೇನಮ್ಮಾ ಪೂರ್ತಿ ಬಿಚ್ಚಲ್ಲ ಎಂದಾಗ ನೀನು, ಆರು ವರ್ಷಕ್ಕೆ ಉಯ್ಯಾಲೆಯಿಂದ ಬಿದ್ದೆ, ಹಸಿರು ಉಯ್ಯಾಲೆ ಎಂದದ್ದು, ಅವರು ಬಣ್ಣ ಬೇಡ ಬಿಡು ಎಂದು ನಕ್ಕು ಸಹಿ ಹಾಕಿದ್ದು, ಯಾವುದನ್ನೂ ನಿನ್ನ ಅಪ್ಪ ನೋಡಲಿಲ್ಲ.

ನೀನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನನ್ನ ಮೇಲೆ ಮತ್ತೆ ಕೈ ಎತ್ತಲಿಲ್ಲ. ಅದರ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ನಾನೂ ಕೇಳಲಿಲ್ಲ. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿ ಉಪ್ಪು ಕೊಡು, ಕರೆಂಟು ಹೋಯಿತು, ಅವಳು ಬಂದಳಾ ಎಂದುಕೊಂಡೇ ಕಳೆದೆವು. ಕ್ಷಮಿಸಿದೆ ಎಂದು ನೀನು ತಿಳಿದುಕೊಳ್ಳಬಾರದು. ಕ್ಷಮಿಸಲಿಲ್ಲ. ಬಿಟ್ಟು ಹೋಗಲೂ ಇಲ್ಲ. ಅವರು ಸತ್ತ ದಿನ ನನಗೆ ಅಳು ಬರಲಿಲ್ಲ, ನಿನಗಾಗಿ ಅತ್ತೆ. ಅದೂ ಒಂದು ಸುಳ್ಳೇ.

ಈಗ ನೀನು ನನ್ನಿಂದ ಬಯಸುವ ಮಾತು ಒಂದಿದೆ. ಹಗ್ಗ ಹತ್ತು ಎನ್ನಬೇಕು, ಇಲ್ಲವೇ ಮನೆಗೆ ಬಾ ಎನ್ನಬೇಕು. ನಾಲ್ಕು ದಿನ ಹುಡುಕಿದೆ, ಸಿಗಲಿಲ್ಲ. ನಿನಗೋಸ್ಕರ ಹತ್ತು ಎಂದು ಬರೆಯಬಹುದಿತ್ತು. ಚೆನ್ನಾಗಿ ಕೇಳಿಸುತ್ತದೆ. ಆದರೆ ಚೆನ್ನಾಗಿ ಕೇಳಿಸುವುದನ್ನು ಬರೆದೇ ನಾನು ಇಲ್ಲಿಗೆ ಬಂದು ನಿಂತಿದ್ದೇನೆ. ಒಮ್ಮೊಮ್ಮೆ ಒಂದು ಯೋಚನೆ ಬರುತ್ತದೆ. ನನ್ನಂಥವಳೊಬ್ಬಳು ನಾಳೆ ನಿನ್ನ ಮೇಜಿನ ಮುಂದೆ ಕೂತು ಗೋಡೆ, ಗಾಳಿ, ರೆಂಬೆ ಎಂದೆಲ್ಲ ಬರೆದುಕೊಟ್ಟರೆ ನೀನಾದರೂ ಪೆನ್ನು ಕೆಳಗಿಟ್ಟು, ಬಾಗಿಲು ಮುಚ್ಚಿ ಇನ್ನೊಂದು ಸಲ ಕೇಳುತ್ತೀಯಾ? ಕೇಳಿದರೂ ಅವಳು ಹೇಳುತ್ತಾಳೆ ಎಂಬ ನಂಬಿಕೆ ನನಗಿಲ್ಲ. ನಾನು ಹೇಳುತ್ತಿರಲಿಲ್ಲ.

ನೀನು ಬಂದರೆ ಮನೆಯ ಬಾಗಿಲು ಇದೆ, ನಾನಿದ್ದೇನೆ. ನೀನು ಒಳಗೆ ಬಂದಾಗ ನಿನ್ನ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ನೆನೆದು ನಿನ್ನೆ ಆ ಕಬ್ಬಿಣದ ಸರಳು ಬಿಚ್ಚಲು ನೋಡಿದೆ. ಬರಲಿಲ್ಲ. ತುಂಬ ಗಟ್ಟಿಯಾಗಿ ಹಾಕಿದ್ದಾರೆ.

ನಿನ್ನ
ಅಮ್ಮ

ತಾ.ಕ.: ಅಂಚೆಗೆ ಹಾಕಲು ಹೊರಟವಳು ಬಾಗಿಲಿನಿಂದ ವಾಪಸು ಬಂದೆ. ಮರ ಇರಲಿಲ್ಲ. ನಿಮ್ಮ ಮೇಷ್ಟ್ರ ಏಳು ಪ್ರಶ್ನೆಗೆ ಉತ್ತರ ಇಲ್ಲಿದೆ.
ಯಾರು: ನಿನ್ನ ಅಪ್ಪ.
ಯಾರಿಗೆ: ಆರು ವರ್ಷದ ಮಗಳಿಗೆ.
ಯಾವಾಗ: ನವೆಂಬರ್ ನಾಲ್ಕು, ಸಂಜೆ ಆರೂಮುಕ್ಕಾಲು.
ಎಲ್ಲಿ: ಈ ಅಡುಗೆಮನೆಯಲ್ಲಿ.
ಯಾವುದರಿಂದ: ಬಲಗೈಯಿಂದ.
ಏನು ಮಾಡಿದರು: ನನ್ನನ್ನು ಹೊಡೆಯುವಾಗ ಅಡ್ಡ ಬಂದ ಮಗುವಿನ ಎಡತೋಳನ್ನು ಹಿಡಿದು ತಿರುಚಿ ತಳ್ಳಿದರು. ಮೊಣಕೈ ಮುರಿಯಿತು.
ಏಕೆ: ಗೊತ್ತಿಲ್ಲ.
ಸಾಕ್ಷಿ ನಾನು. ಆಸ್ಪತ್ರೆಯಲ್ಲಿ ಉಯ್ಯಾಲೆ ಎಂದವಳೂ ನಾನು. ಯಾರು ಕೇಳಿದರೂ ತಡವರಿಸದೆ ಹೇಳಲಿ ಎಂದು, ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಬಣ್ಣ ಹಸಿರು ಎಂದು ಹೇಳಿಕೊಟ್ಟವಳೂ ನಾನೇ.