ಸಂತ ನಿಕೋಲಾಸನ ಬೆಳ್ಳಿ ದೋಣಿ

ಕಲ್ಯೋಪಿ,

ಈ ಬೆಳಿಗ್ಗೆಯೂ ಬಡಗಣ ಗಾಳಿ ತಗ್ಗಿಲ್ಲ. ಲೆಫ್ತೇರಿಸನ ದೋಣಿಯ ಸುದ್ದಿಯೂ ಇಲ್ಲ. ಬಂದರಿನವರು ಫೋನ್ ಮಾಡಿಯಾರು, ಎಲ್ಲೂ ಹೋಗಬೇಡ. ಒಲೆಯ ಮೇಲೆ ಬೇಳೆ ಸಾರಿದೆ, ಬಿಸಿ ಮಾಡಿಕೊಂಡು ಕುಡಿ. ನಿನ್ನ ಸಿಟ್ಟಿಗೆ ಹೊಟ್ಟೆಯಲ್ಲಿರೋ ಕೂಸು ಯಾಕೆ ಉಪವಾಸ ಇರಬೇಕು?

ರಾತ್ರಿ ನಿನಗೆ ಹೊದಿಸುವಾಗ ದಿಂಬಿನಡಿ ಆ ಪುಟ್ಟ ಬೆಳ್ಳಿ ದೋಣಿ ಸಿಕ್ಕಿತು. ಗಂಡ ಸುಖವಾಗಿ ಬರಲೆಂದು ಕಡಲಿಗರನ್ನು ಕಾಯುವ ಸಂತ ನಿಕೋಲಾಸನಿಗೆ ಗುಡಿಯಲ್ಲಿ ಹರಕೆ ಕಟ್ಟಿ, ಕೇಳಿಸಿಕೊಳ್ಳಲಿಲ್ಲವೆಂದು ಕಿತ್ತು ತಂದೆಯಾ, ಹುಚ್ಚಿ? "ಏನಯ್ಯಾ, ನಿನಗೆ ಕಿವುಡಾ?" ಅಂತ ನಿನ್ನೆ ನಾನೂ ಬೈದು ಬಂದೆ. ನನಗೂ ಅವನು ಉತ್ತರ ಕೊಟ್ಟಿಲ್ಲ, ತಾಯೀ. ಆದರೆ ನನ್ನ ಮಗನನ್ನು ಇನ್ಯಾರ ಕೈಗೆ ಒಪ್ಪಿಸಲಿ?

ಮನೆಯಲ್ಲಿ ಅವನ ಪಟದ ಮುಂದಿನ ದೀಪ ಆರಿಸಬೇಡ.

ಪಾದ್ರಿ ಬರುವ ಮುಂಚೆ ಸಂತನ ಬೆಳ್ಳಿ ದೋಣಿಯನ್ನು ಗುಡಿಯಲ್ಲಿ ಅವನಿಗೇ ಕಟ್ಟಿ ಬರುತ್ತೇನೆ. ದಾರ ನೀನು ಹರಿದಿದ್ದೀಯ. ನನ್ನ ಜಡೆಯ ಪಟ್ಟಿ ಸಾಕು.

ನಿನ್ನ ಅತ್ತೆ